ಕೇಳದೆ ಬರೆದ ಉತ್ತರ

ಊರಿನ ಪ್ರತಿ ಮನೆಗೂ ಹೋಗಿ, ಮೂವತ್ತು ದಾಟಿದ ಪ್ರತಿಯೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಫಾರ್ಮಿನಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಬರೆಯಬೇಕಿತ್ತು. ನಾನು ಆಶಾ ಕಾರ್ಯಕರ್ತೆ, ಅದು ನನ್ನ ಕೆಲಸ. ಎಲ್ಲರನ್ನೂ ಕೇಳಿದೆ. ನನ್ನ ಅಕ್ಕನನ್ನು ಮಾತ್ರ ಕೇಳಲಿಲ್ಲ.

ಅವಳ ಫಾರ್ಮನ್ನು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನೇ ತುಂಬಿದೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆಚೆ ಅವಳು ರೊಟ್ಟಿ ತಟ್ಟುವ ಸದ್ದು ಕೇಳಿಸುತ್ತಿತ್ತು. ನಡುನಡುವೆ ಕೆಮ್ಮು. ಕೆಮ್ಮು ಬಂದಾಗ ತಟ್ಟುವುದು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಶುರುವಾಗುತ್ತಿತ್ತು. ‘ಉಸಿರಾಟದ ತೊಂದರೆ ಇದೆಯೇ’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮು, ಇಲ್ಲ. ಅಡುಗೆಗೆ ಬಳಸುವ ಇಂಧನ, ಗ್ಯಾಸ್.

ಗ್ಯಾಸ್ ಅವಳ ಮನೆಯಲ್ಲಿ ಇದ್ದದ್ದು ಸುಳ್ಳಲ್ಲ. ಆ ಸಿಲಿಂಡರಿಗಾಗಿ ಕಾಗದ ಹಿಡಿದು ಓಡಾಡಿದವಳು ನಾನೇ. ಅದು ಮೂಲೆಯಲ್ಲಿ ಹಳೆಯ ಸೀರೆಯ ತುಂಡು ಹೊದ್ದುಕೊಂಡು ನಿಂತಿತ್ತು, ಅದರ ಮೇಲೆ ಹಿಟ್ಟಿನ ಡಬ್ಬಿ. ಚಹಾಕ್ಕೆ ಮಾತ್ರ ಹಚ್ಚುತ್ತಿದ್ದಳು. ರೊಟ್ಟಿ ಬೇಯುತ್ತಿದ್ದದ್ದು ಒಲೆಯ ಮೇಲೆ, ಒಣಗಿದ ತೊಗರಿ ಕಟ್ಟಿಗೆಯ ಉರಿಯಲ್ಲಿ.

ಕಾರಣ ಹೇಳಿದರೆ ನೆಪದಂತೆ ಕಾಣುತ್ತದೆ, ಆದರೂ ಹೇಳುತ್ತೇನೆ. ಮರುದಿನ ಆರೋಗ್ಯ ಕೇಂದ್ರದಲ್ಲಿ ಸಭೆ ಇತ್ತು. ಅಷ್ಟರೊಳಗೆ ಫಾರ್ಮುಗಳೆಲ್ಲ ಮುಗಿಯಬೇಕಿತ್ತು. ‘ಹೌದು’ ಎಂದು ಬರೆದರೆ ಅಷ್ಟಕ್ಕೇ ಬಿಡುವಂತಿರಲಿಲ್ಲ. ಅವಳನ್ನು ಕೇಂದ್ರಕ್ಕೆ ಕರೆದೊಯ್ಯಬೇಕು, ಅಲ್ಲಿಂದ ಜೇವರ್ಗಿಯ ದೊಡ್ಡ ದವಾಖಾನೆಗೆ ಬರೆದುಕೊಟ್ಟರೆ ಅಲ್ಲಿಗೂ ಹೋಗಬೇಕು. ಅಷ್ಟು ದಿನ ಒಲೆ ಆರಿದರೆ ಅವಳ ರೊಟ್ಟಿ ತೆಗೆದುಕೊಳ್ಳುವ ಖಾನಾವಳಿಯವನು ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಾನೆ. ಇವೆಲ್ಲ ನಿಜವೇ. ಆದರೆ ಇವುಗಳ ಹಿಂದೆ ಇನ್ನೊಂದಿತ್ತು. ಹೊಗೆ ಕೆಟ್ಟದ್ದು, ಗ್ಯಾಸ್ ಹಚ್ಚಿರಿ ಎಂದು ಊರಿಗೆಲ್ಲ ಹೇಳುತ್ತ ತಿರುಗುವವಳು ನಾನು. ನನ್ನ ಸ್ವಂತ ಅಕ್ಕನೇ ಒಲೆಯ ಮುಂದೆ ಕುಳಿತು ತೇಕುತ್ತಾಳೆ ಎಂದು ಬರೆಯಲು ನಾಚಿಕೆಯಾಯಿತು. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೇ ಇಲ್ಲ ಎಂದು ಬರೆದೆ.

ನಮ್ಮ ತವರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹನ್ನೆರಡೋ ಹದಿಮೂರೋ. ಮೂರನೆಯ ದಿನಕ್ಕೆ ಅವಳು ಒಲೆಯ ಮುಂದೆ ಕುಳಿತಳು, ಮತ್ತೆ ಏಳಲಿಲ್ಲ ಎಂದೇ ಹೇಳಬೇಕು. ಶಾಲೆಯ ಹೊಸ್ತಿಲು ಅವಳು ತುಳಿದವಳಲ್ಲ. ನಾನು ಎಂಟನೆಯ ತರಗತಿಯವರೆಗೆ ಓದಿದೆ, ಅವಳು ಓದಿಸಿದ್ದು. ನಮ್ಮ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಪುಸ್ತಕ ಹಿಡಿದು ಅವಳ ಪಕ್ಕ ಕುಳಿತರೆ ಊದುಗೊಳವೆಯಿಂದ ನನ್ನ ಮೊಣಕಾಲಿಗೆ ತಟ್ಟುತ್ತಿದ್ದಳು.

“ಏಳ್ ಬೇ, ಹೊರಗ ಕುಂತು ಓದು. ಇಲ್ಲಿ ಹೊಗಿ ಅದ.”

“ನಿನಗ ಹೊಗಿ ಹತ್ತಂಗಿಲ್ಲೇನು?”

“ನನಗೇನ್ ಆಗ್ತದ. ನಾ ಓದಾಕತ್ತೀನೇನು ಕಣ್ಣು ಉರೀಲಿಕ್ಕ.”

ಹೊರಗೆ ಹೋಗಿ ಕುಳಿತು ಓದಿದೆ. ಈಗ ಬೇಸಿಗೆಯಲ್ಲಿ ಮನೆಮನೆ ತಿರುಗಿ ಬಂದರೂ ನನಗೆ ದಮ್ಮು ಹತ್ತುವುದಿಲ್ಲ. ನನ್ನ ಎದೆ ಚೆನ್ನಾಗಿರುವುದಕ್ಕೆ ಕಾರಣ ಅದೇ ಎಂದು ನನಗೆ ಬಹಳ ತಡವಾಗಿ ಹೊಳೆಯಿತು.

ಅವಳನ್ನು ಅಫಜಲಪುರದ ಕಡೆ ಕೊಟ್ಟರು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ಅವಳನ್ನು ನನ್ನ ಗಂಡನ ಊರಿಗೆ, ನೆಲೋಗಿಯ ಕಡೆಯ ಈ ಹಳ್ಳಿಗೆ ಕರೆದುಕೊಂಡು ಬಂದೆ. ಬಂದ ಎಂಟನೆಯ ದಿನಕ್ಕೆ ಪಕ್ಕದ ಮನೆಯಲ್ಲಿ ಒಲೆ ಹಾಕಿದಳು. ಕೈಕಟ್ಟಿ ಕೂರುವವಳಲ್ಲ, ತಂಗಿಯ ಮನೆಯ ಅನ್ನಕ್ಕೆ ಕಾಯುವವಳೂ ಅಲ್ಲ. ಬೆಳಗಿನ ಬಸ್ಸಿಗೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಗಂಟು ಜೇವರ್ಗಿಯ ಖಾನಾವಳಿಗೆ ಹೋಗುತ್ತಿತ್ತು. ಮದುವೆ, ಮುಂಜಿ ಇದ್ದರೆ ಖಡಕ್ ರೊಟ್ಟಿ. ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿಯನ್ನು ಒಂದು ದಿನ ಕಳಿಸಿ ನೋಡಿದಳು. ಕಂಡಕ್ಟರ್ ಸಂಜೆ ಸುದ್ದಿ ತಂದ, “ಖಾನಾವಳಿ ಸಾವ್ಕಾರ ಕೇಳ್ಯಾನ್ ಬೇ ಯವ್ವ, ಇವತ್ತ ರೊಟ್ಟಿ ನೀನೇ ಮಾಡೀಯೇನು, ಇಲ್ಲ ನಿನ್ನ ಸಿಲಿಂಡರ್ ಮಾಡೇದೇನು ಅಂತ.” ಅವಳು ನಕ್ಕು, ಮರುದಿನ ಸಿಲಿಂಡರಿಗೆ ಸೀರೆ ಹೊದಿಸಿದಳು.

ಫಾರ್ಮುಗಳು ಹೋದವು. ಸಭೆಯಲ್ಲಿ ನರ್ಸಮ್ಮ ನನ್ನ ಕಟ್ಟನ್ನು ಎತ್ತಿ ತೋರಿಸಿದರು. ಒಂದು ಸಾಲೂ ಖಾಲಿ ಬಿಟ್ಟಿಲ್ಲ ನೋಡಿರಿ, ಹೀಗಿರಬೇಕು ಎಂದರು. ನಾನು ತಲೆ ತಗ್ಗಿಸಿ ಕುಳಿತೆ, ನಾಚಿಕೆಯಿಂದಲ್ಲ, ಹಿಗ್ಗಿನಿಂದ.

ಕೆಲವು ತಿಂಗಳ ನಂತರ ಹೊರಗಿನಿಂದ ಇಬ್ಬರು ಬಂದರು. ದೊಡ್ಡ ಕನ್ನಡಕದ, ನಮ್ಮ ಕಡೆಯ ಮಾತೇ ಆಡುವ ಒಬ್ಬ ಹೆಣ್ಣುಮಗಳು, ಅವರ ಜೊತೆ ಬರೆದುಕೊಳ್ಳುವ ಒಬ್ಬರು. ಹಳೆಯ ದಮ್ಮು, ಹೊಗೆಯಿಂದ ಕೆಟ್ಟ ಎದೆ, ಇಂಥ ಕಾಯಿಲೆಗಳನ್ನು ಸರ್ಕಾರದ ವ್ಯವಸ್ಥೆ ಹೇಗೆ ನೋಡಿಕೊಳ್ಳುತ್ತಿದೆ ಎಂದು ಅಳೆದು ನೋಡಲು ದೇಶದ ಬೇರೆಬೇರೆ ಕಡೆ ತಿರುಗುತ್ತಿದ್ದರಂತೆ. ನಮ್ಮ ರಿಜಿಸ್ಟರ್ ತೆರೆದರು. ಬಿಪಿಯ ಪುಟ ತುಂಬಿತ್ತು, ಸಕ್ಕರೆ ಕಾಯಿಲೆಯ ಪುಟ ತುಂಬಿತ್ತು. ಉಸಿರಿನ ಕಾಯಿಲೆಯ ಪುಟದಲ್ಲಿ ನನ್ನ ಊರಿನ ಮುಂದೆ ಸೊನ್ನೆ ಇತ್ತು. ಅಕ್ಕನದನ್ನು ಇಲ್ಲ ಎಂದು ಬರೆದ ಕೈ, ಬೇರೆ ಹೆಂಗಸರು “ಒಂದಿಷ್ಟು ತೇಕು ಹತ್ತತದ್ ನೋಡವ್ವ” ಎಂದಾಗಲೂ ಅದನ್ನೇ ಬರೆದಿತ್ತು. ಒಲೆಯ ಮುಂದಿನ ತೇಕು ಕಾಯಿಲೆಯಲ್ಲ, ಕೆಲಸದ ಒಂದು ಭಾಗ ಎಂದು ಅವರೂ ಅಂದುಕೊಂಡಿದ್ದರು, ನಾನೂ.

“ನಿಮ್ಮ ಊರಾಗ ದಮ್ಮಿನವರು ಒಬ್ಬರೂ ಇಲ್ಲೇನ್ರಿ?” ಎಂದು ಕನ್ನಡಕದವರು ಕೇಳಿದರು.

“ಇಲ್ರಿ ಮೇಡಮ್ಮೋರ. ನಮ್ಮೂರ ಹವಾ ಚಲೋ ಅದರಿ.”

ಎಲ್ಲರೂ ನಕ್ಕರು. ಅವರು ಬರೆದುಕೊಂಡರು. ಆ ದಿನ ಅವರ ಊಟಕ್ಕೆ ಕೇಂದ್ರದವರು ರೊಟ್ಟಿ ತರಿಸಿದ್ದು ನನ್ನ ಅಕ್ಕನಿಂದ. ಬಿಸಿ ಆರದಂತೆ ಬಟ್ಟೆಯಲ್ಲಿ ಸುತ್ತಿ ನಾನೇ ತಂದಿದ್ದೆ. ಕನ್ನಡಕದವರು ರೊಟ್ಟಿ ಮುರಿದು ಮೂಗಿನ ಹತ್ತಿರ ಹಿಡಿದು, “ಒಲಿ ರೊಟ್ಟಿ ಅಲ್ಲೇನ್ರಿ ಇದು? ಈ ವಾಸನಿ ಗ್ಯಾಸಿಂದ ಬರಂಗಿಲ್ಲ ಬಿಡ್ರಿ,” ಎಂದರು. ಯಾರ ಮನೆಯ ಒಲೆ ಎಂದು ಕೇಳಿದ್ದರೆ ಹೇಳುತ್ತಿದ್ದೆನೇನೋ. ಅವರು ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಬಹಳ ಹೊತ್ತು ಹಿಗ್ಗಿದಳು. “ಮತ್ತ ಏನಂದ್ರು, ಮತ್ತೊಮ್ಮಿ ಹೇಳು,” ಎಂದು ಎರಡು ಸಲ ಹೇಳಿಸಿಕೊಂಡಳು.

ಆ ಚಳಿಗಾಲ ತೊಗರಿ ರಾಶಿ ಮುಗಿದು ಹೊಸ ಕಟ್ಟಿಗೆ ಅಂಗಳಕ್ಕೆ ಬಂದಿತ್ತು. ಇನ್ನೂ ಪೂರ್ತಿ ಒಣಗಿರಲಿಲ್ಲ, ಹೊಗೆ ಹೆಚ್ಚು. ಒಂದು ಬೆಳಿಗ್ಗೆ ತಟ್ಟುವ ಸದ್ದು ನಿಂತಿತು, ಕೆಮ್ಮಿನ ಸದ್ದೂ ಇರಲಿಲ್ಲ. ಹೋಗಿ ನೋಡಿದರೆ ಅಕ್ಕ ಎರಡೂ ಕೈಗಳನ್ನು ನೆಲಕ್ಕೆ ಊರಿ, ಬಾಯಿ ತೆರೆದು ಕುಳಿತಿದ್ದಳು. ಹಂಚಿನ ಮೇಲೆ ರೊಟ್ಟಿ ಕರಿಯಾಗುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗೆ. ನನ್ನನ್ನು ನೋಡಿ ಕಣ್ಣಿನಿಂದ ಹಂಚನ್ನು ತೋರಿಸಿದಳು, ರೊಟ್ಟಿ ತೆಗೆ ಎಂದು.

ಕೇಂದ್ರದಲ್ಲಿ ಆವಿ ಹಿಡಿಸಿ, ಸೂಜಿ ಹಾಕಿದರು. ಕಫವನ್ನು ಡಬ್ಬಿಯಲ್ಲಿ ತೆಗೆದುಕೊಂಡು ಪರೀಕ್ಷೆಗೆ ಕಳಿಸಿದರು. ಮೂರು ದಿನಕ್ಕೆ ಉತ್ತರ ಬಂತು, ಟಿಬಿ ಇಲ್ಲ. ನಾನು ಮನೆಯಲ್ಲಿ ಕಾಯಿ ಒಡೆದೆ, ನೆರೆಯವರಿಗೆ ಸಕ್ಕರೆ ಹಂಚಿದೆ. ಕೆಮ್ಮಿನ ಔಷಧಿಯ ಬಾಟಲಿ, ಒಂದಿಷ್ಟು ಬಿಳಿ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಟಿಬಿ ಬಂದಿದ್ದರೆ ಅವಳಿಗೆ ಒಂದು ಕಾರ್ಡು ಆಗುತ್ತಿತ್ತು. ಔಷಧಿ ಮನೆಗೆ ಬರುತ್ತಿತ್ತು. ನುಂಗಿದಳೋ ಇಲ್ಲವೋ ಎಂದು ನೋಡಲು ನನ್ನನ್ನೇ ಕಳಿಸುತ್ತಿದ್ದರು. ಟಿಬಿ ಅಲ್ಲ ಎಂದಾದ ಮೇಲೆ ಕೆಮ್ಮುವವರನ್ನು ಯಾರು ನೋಡಬೇಕು ಎಂಬುದು ನನ್ನ ಚೀಲದಲ್ಲಿದ್ದ ಯಾವ ಕಾಗದದಲ್ಲೂ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ನನಗೆ ಒಂದು ಕೆಟ್ಟ ಯೋಚನೆ ಬಂತು, ಆ ಸಕ್ಕರೆ ಹಂಚಬಾರದಿತ್ತು, ಅವಳಿಗೆ ಟಿಬಿಯೇ ಬರಬೇಕಿತ್ತು ಎಂದು.

ಮತ್ತೆ ಮತ್ತೆ ಹಾಗೇ ಆಯಿತು. ಕೇಂದ್ರದ ಕಂಪೌಂಡರನ್ನು ಕೇಳಿದೆ, ಬಾಯಿಗೆ ಹಿಡಿಯುವ ಪಂಪ್ ಇರುತ್ತದಲ್ಲ, ಅದೊಂದು ಕೊಡಿರಿ ಎಂದು. ಅವರು ಕಪಾಟು ತೆರೆದು ತೋರಿಸಿದರು.

“ಇದ್ರ ನಿನಗ ಇಲ್ಲ ಅಂತೀನೇನವ್ವ. ಎಷ್ಟು ಮಂದಿ ಅದಾರ ಅಂತ ನೀವು ಬರ್ದ ಕೊಡ್ತೀರಿ, ಅಷ್ಟ ನಾ ಮ್ಯಾಲ ಕೇಳ್ತೀನಿ. ನಿಮ್ಮೂರಿಂದ ಸೊನ್ನಿ ಬಂದದ. ಸೊನ್ನಿಗಿ ಏನ್ ಕೇಳ್ಲಿ?”

“ಯಾರೋ ತಪ್ಪು ಬರ್ದಿರಬೇಕ್ರಿ,” ಎಂದೆ.

ಅವರು ನನ್ನ ಮುಖ ನೋಡಿದರು. “ನೀನೇ ಅಲ್ಲೇನು ಬರ್ದಾಕಿ?”

ಅವರು ಬೈದು ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಂದೆ.

ಕೊನೆಗೆ ಅವಳನ್ನು ಕಲಬುರಗಿಗೆ ಕರೆದೊಯ್ದೆ. ಆ ದಿನ ನಾನು ಕೆಲಸದ ಗುಲಾಬಿ ಸೀರೆ ಉಟ್ಟಿರಲಿಲ್ಲ. ಬೇಕೆಂದೇ ಉಟ್ಟಿರಲಿಲ್ಲ. ದವಾಖಾನೆಯಲ್ಲಿ ಒಂದು ಯಂತ್ರಕ್ಕೆ ಜೋಡಿಸಿದ ಕೊಳವೆಯನ್ನು ಅವಳ ಬಾಯಿಗೆ ಕೊಟ್ಟು ಜೋರಾಗಿ ಊದು ಎಂದರು. ಅವಳಿಗೆ ಅರ್ಥವಾಗಲಿಲ್ಲ. “ಒಲಿ ಊದಿದಂಗ ಊದ್ ಅಕ್ಕಾ,” ಎಂದೆ. ಆಗ ತಿಳಿಯಿತು. ಕೆನ್ನೆ ಉಬ್ಬಿಸಿ ಊದಿದಳು. ಕೆಂಡ ಹೊತ್ತಿಸುತ್ತಿದ್ದ ಊದು ಅದು, ಮಧ್ಯದಲ್ಲೇ ಮುಗಿದುಹೋಯಿತು. ಇನ್ನೊಮ್ಮೆ ಊದಿಸಿದರು. ಇನ್ನೊಮ್ಮೆ. ಮೂರನೆಯದಕ್ಕೆ ಗೋಡೆಗೆ ಒರಗಿಬಿಟ್ಟಳು.

ಡಾಕ್ಟರು ಸಣ್ಣ ವಯಸ್ಸಿನವರು, ಸಾಲು ಬಾಗಿಲ ಹೊರಗಿನವರೆಗೂ ಇತ್ತು.

“ಬೀಡಿ ಸೇದ್ತೀರೇನ್ರಿ?”

“ಬೀಡಿ ಸೇದಾಕ ನನಗ ಪುರಸೊತ್ತು ಎಲ್ಲದ್ರಿ ಸಾಹೇಬ್ರ,” ಎಂದಳು ಅಕ್ಕ, ಎರಡೆರಡು ಮಾತಿಗೆ ಒಮ್ಮೆ ಉಸಿರು ಎಳೆದುಕೊಳ್ಳುತ್ತ. “ನಾ ಒಲಿ ಸೇದೀನಿ.”

ಅವರಿಗೆ ನಗು ಬಂತು, ಯಂತ್ರದಿಂದ ಬಂದ ಕಾಗದ ನೋಡಿದ ಮೇಲೆ ಅದು ನಿಂತುಹೋಯಿತು. ಹೋದ ಎದೆ ಹಿಂದಕ್ಕೆ ಬರುವುದಿಲ್ಲ, ಉಳಿದದ್ದನ್ನು ಕಾಯಬೇಕು ಅಷ್ಟೆ ಎಂದರು. ಪಂಪ್ ಬರೆದುಕೊಟ್ಟರು. ಬರೆಯುತ್ತ, ತಲೆ ಎತ್ತದೆ, “ಇಷ್ಟ ತಡಾ ಯಾಕ್ ಮಾಡಿದ್ರಿ? ನಿಮ್ಮೂರಾಗ ಆಶಾ ಇಲ್ಲೇನು, ಮನಿಗಿ ಬಂದು ಕೇಳಾಕ?” ಎಂದರು.

ನಾನು ಅಕ್ಕನ ಹಿಂದೆ ನಿಂತಿದ್ದೆ. ಅವಳು ತಿರುಗಿ ನೋಡಲಿಲ್ಲ.

“ಅದಾಳ್ರಿ,” ಎಂದಳು. “ಭಾಳ ಚಲೋ ಹೆಣ್ಮಗಳರಿ ಆಕಿ.”

ನಾನೇ ಆಕೆ ಎಂದು ಹೇಳಬಹುದಿತ್ತು. ಮುಂದಿನವರನ್ನು ಕರೆಯಿರಿ ಎಂದು ಅವರು ಹೇಳುವವರೆಗೂ ಅಕ್ಕನ ಬೆನ್ನ ಹಿಂದೆಯೇ ನಿಂತೆ.

ಪಂಪ್ ಕೊಟ್ಟವರು ಬೆಳಿಗ್ಗೆ ಎರಡು, ಸಂಜೆ ಎರಡು ಎಂದಷ್ಟೇ ಹೇಳಿ ಕಿಟಕಿಯಿಂದ ದಾಟಿಸಿದ್ದರು. ಹೇಗೆ ಎಂದು ತೋರಿಸಲಿಲ್ಲ. ನನಗೂ ಯಾರೂ ತೋರಿಸಿರಲಿಲ್ಲ. ಬಿಪಿ ನೋಡುವುದು ಕಲಿಸಿದ್ದರು, ಕೂಸಿನ ತೂಕ ಕಲಿಸಿದ್ದರು, ಪಂಪ್ ಕಲಿಸಿರಲಿಲ್ಲ. ಅಕ್ಕ ತಪ್ಪದೆ ಹಿಡಿಯುತ್ತಿದ್ದಳು. ಒಂದೂವರೆ ತಿಂಗಳಾದರೂ ತೇಕು ಇಳಿಯಲಿಲ್ಲ. ಒಂದು ಸಂಜೆ ಎದುರಿಗೆ ಕುಳಿತು ನೋಡಿದೆ. ಅವಳು ಪಂಪ್ ಅನ್ನು ತುಟಿಗಿಟ್ಟು, ಒತ್ತಿ, ಅದರೊಳಗೆ ಜೋರಾಗಿ ಊದುತ್ತಿದ್ದಳು. ಔಷಧಿಯೆಲ್ಲ ಬಿಳಿ ಹೊಗೆಯಂತೆ ಅವಳ ಮುಖದ ಮುಂದೆ ಹರಡಿ ಹೋಯಿತು. ಬಾಯಿಗೆ ಕೊಳವೆ ಬಂದರೆ ಊದಬೇಕು, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ದವಾಖಾನೆಯಲ್ಲಿ ಒಲೆ ಊದಿದಂತೆ ಊದು ಎಂದು ಹೇಳಿಕೊಟ್ಟವಳೂ ನಾನೇ.

“ಊದಬಾರ್ದಕ್ಕಾ, ಎಳ್ಕೋಬೇಕು. ಒಳಗ ಎಳ್ಕೋಬೇಕು.”

“ಎಳ್ಕೊಂಡ್ರ ಬೂದಿ ಬಾಯಾಗ ಬರ್ತದಲ್ಲ ಬೇ,” ಎಂದಳು. ಹೇಳಿದ ಮೇಲೆ ಅವಳಿಗೇ ತಿಳಿದು ನಗಲು ಹೋದಳು, ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ಹಿಡಿಯಿತು.

ಕಲಿತಳು. ಕಲಿಯುವಷ್ಟರಲ್ಲಿ ಪಂಪ್ ಮುಗಿಯಿತು. ನಾನು ಮನೆಮನೆಗೆ ಮತ್ತೆ ಹೋದೆ, ಈ ಸಲ ಒಲೆಯ ಹತ್ತಿರವೇ ಕುಳಿತು ಕೇಳಿದೆ. ಉಸಿರಿನ ಕಾಯಿಲೆಯ ಪುಟದಲ್ಲಿ ಮೊದಲು ಅಕ್ಕನ ಹೆಸರು, ಆಮೇಲೆ ಉಳಿದವರದು. ಪುಟ ತುಂಬಿ ಅದರ ಹಿಂಬದಿಗೂ ಹೋಯಿತು. ಕಂಪೌಂಡರ್ ಬರೆದು ಮೇಲೆ ಕಳಿಸಿದರು. ಪಂಪ್ ಒಂದು ತಿಂಗಳು ಬಂತು, ಎರಡು ತಿಂಗಳು ಬರಲಿಲ್ಲ, ಆಮೇಲೆ ಬೇರೆ ಬಣ್ಣದ್ದು ಬಂತು. ಅದನ್ನು ಹೇಗೆ ಹಿಡಿಯಬೇಕೆಂದು ಕೇಂದ್ರದಲ್ಲಿ ಯಾರಿಗೂ ಖಾತ್ರಿ ಇರಲಿಲ್ಲ. ಕೇಳಿದರೆ ಹಿಂದಿನ ವರ್ಷದ ಲೆಕ್ಕದ ಮೇಲೆ ಈ ವರ್ಷದ್ದು ಬರುತ್ತದೆ ಎನ್ನುತ್ತಾರೆ. ಹಿಂದಿನ ವರ್ಷದ್ದು ನನ್ನ ಸೊನ್ನೆ. ಹೊರಗಿನಿಂದ ಬಂದ ಆ ಇಬ್ಬರು ಏನು ಬರೆದರೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಎಲ್ಲ ನೆಟ್ಟಗಿದೆ ಎಂದು ಬರೆದಿದ್ದರೆ ಅದು ನಾನು ಹೇಳಿದ್ದು. ಈ ವ್ಯವಸ್ಥೆ ಕೆಟ್ಟಿದೆ ಎಂದು ಹೇಳಲು ಬಾಯಿ ಬರುತ್ತದೆ, ಕೆಟ್ಟೂ ಇದೆ. ಆದರೆ ನಮ್ಮ ಊರಿನಲ್ಲಿ ಅದು ಶುರುವಾಗುವುದು ನನ್ನ ಪೆನ್ನಿನಿಂದ.

ಈಗ ಅಕ್ಕನ ಮನೆಯಲ್ಲಿ ಒಲೆ ಇಲ್ಲ. ಖಾನಾವಳಿಗೆ ಬೇರೆಯವರ ರೊಟ್ಟಿ ಹೋಗುತ್ತದೆ, ಅವರ ಮನೆಯಿಂದಲೂ ಕೆಮ್ಮು ಕೇಳಿಸುತ್ತದೆ. ಅಕ್ಕ ಹೊಸ್ತಿಲ ಬಳಿ ದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾಳೆ, ಮಲಗಿದರೆ ಉಸಿರು ಸಿಗುವುದಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಮಾತು ಬರಲು ಬಹಳ ಹೊತ್ತು ಬೇಕು. ತಲೆ ಬಾಚುವುದು ನಾನು. ಗುಣವಾಗುತ್ತದೆ ಎಂದು ಅವಳಿಗೂ ನಾನು ಹೇಳುವುದಿಲ್ಲ, ನನಗೂ ಹೇಳಿಕೊಳ್ಳುವುದಿಲ್ಲ.

ಮೊನ್ನೆ ಹೊಸ ಫಾರ್ಮುಗಳು ಬಂದವು. ಅದೇ ಪ್ರಶ್ನೆಗಳು. ಊಟವಾದ ಮೇಲೆ ಮೊದಲ ಫಾರ್ಮು ತೆಗೆದುಕೊಂಡು ಅಕ್ಕನ ಎದುರಿಗೆ ಕುಳಿತೆ. ಗುಲಾಬಿ ಸೀರೆ ಉಟ್ಟುಕೊಂಡೇ ಕುಳಿತೆ.

“ವಯಸ್ಸು ಎಷ್ಟು?” ಎಂದೆ.

“ಹೊಸದಾಗಿ ಕೇಳ್ತಿಯಲ್ಲ. ನಿನಕಿಂತ ಏಳೆಂಟು ವರ್ಷ ಜಾಸ್ತಿ.”

“ತಂಬಾಕು?”

“ನೀನೇ ಕಸ್ಕೊಂಡ್ ಒಗದಿಯಲ್ಲ, ಎಲಿ ಅಡಿಕಿ ಚೀಲಾ ಸೈತ.”

“ಉಸಿರಾಟದ ತೊಂದರೆ ಅದ ಏನು?”

ಅವಳು ನನ್ನ ಕಡೆ ನೋಡಿದಳು. ದಿಂಬಿನ ಮೇಲೆ ಗದ್ದ ಇಟ್ಟು ನಕ್ಕಳು. “ಕಣ್ಣ್ ಹೋಗ್ಯಾವೇನ್ ಬೇ ನಿನ್ನವು.”

“ಕೇಳಿ ಬರೀಬೇಕಕ್ಕಾ. ನೀ ಹೇಳ್ಬೇಕು.”

“ಅದ,” ಎಂದಳು. ಉಸಿರು ಎಳೆದುಕೊಂಡಳು. “ಭಾಳ ಅದ. ಬರಕೋ.”

ಬರೆದೆ. ಕೆಮ್ಮು, ಹೌದು. ಇಂಧನ ಯಾವುದು ಎಂದು ಕೇಳಿದೆ. ಮೂವತ್ತೈದು ವರ್ಷ ತೊಗರಿ ಕಟ್ಟಿಗೆ, ಈಗ ಯಾವುದೂ ಇಲ್ಲ ಎಂದಳು. ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗ ಇರಲಿಲ್ಲ. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ. ಅವಳು ಓದಲು ಬಾರದಿದ್ದರೂ ಕಾಗದದ ಮೇಲೆ ಓಡುವ ನನ್ನ ಕೈಯನ್ನೇ ನೋಡುತ್ತಿದ್ದಳು.

“ಹಿಂದಕ್ಕೂ ಒಮ್ಮಿ ಇಂಥಾವು ತಂದಿದ್ದಿಯಲ್ಲ,” ಎಂದಳು. “ಊರಾಗ ಎಲ್ಲಾರಿಗೂ ಕೇಳ್ದಿ. ನನಗ ಕೇಳಲಿಲ್ಲ. ಆವಾಗ ನಂದು ಏನ್ ಬರ್ದಿ?”

ಅವಳಿಗೆ ಗೊತ್ತಿತ್ತೋ, ಸುಮ್ಮನೆ ಕೇಳಿದಳೋ, ನನಗೆ ಈಗಲೂ ತಿಳಿಯದು. ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟೆ. ಅವಳ ಪಾದಗಳು ಬಾತಿದ್ದವು, ಬಲಗೈಯ ಬೆರಳುಗಳ ಮೇಲೆ ಹಂಚು ತಾಗಿದ ಹಳೆಯ ಕಲೆಗಳು ಇನ್ನೂ ಇದ್ದವು. ಆ ಕೈಯನ್ನು ಹಿಡಿದುಕೊಂಡೆ.

“ಇಲ್ಲ ಅಂತ ಬರ್ದೆ ಅಕ್ಕಾ. ದಮ್ಮ ಇಲ್ಲ, ಕೆಮ್ಮ ಇಲ್ಲ, ಗ್ಯಾಸಿನ ಮ್ಯಾಲ ಅಡಗಿ ಮಾಡ್ತಾಳ ಅಂತ ಬರ್ದೆ. ಗ್ವಾಡಿ ಆಚಿ ನೀ ಕೆಮ್ಮಾಕತ್ತಿದ್ದಿ, ನನಗ ಕೇಳಸಾಕತ್ತಿತ್ತು. ಕೇಳಿಸ್ಕೋತನ ಬರ್ದೆ. ನಿನಗ ಔಷಧ ಸಿಗದಂಗ ಮಾಡಿದಾಕಿ ನಾನು. ಡಾಕ್ಟರ್ ಕೇಳಿದಾಗ್ಲೂ ನಿನ್ನ ಹಿಂದ ಅಡಗಿ ನಿಂತೆ. ನೀ ನನ್ನ ಹೊರಗ ಕುಂಡ್ರಿಸಿ ಓದಿಸ್ದಿ, ಆ ಓದಿನಿಂದನ ನಿನಗ ಹಿಂಗ ಮಾಡ್ದೆ. ನಂದು ತಪ್ಪಾತಕ್ಕಾ. ತಪ್ಪಾತು.”